ಹಳೆಯ ಫೋಟೊ ಕೇಳಿದರೆ ನಿಲ್ಲುತ್ತಿದ್ದ ಕಂಪ್ಯೂಟರ್

ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ನನ್ನ ಗೆಳೆಯನ ಫ್ಲೆಕ್ಸ್ ಅಂಗಡಿಯಿದೆ. ಪತ್ರಿಕೆಗೆ ನಾನು ಸುದ್ದಿ ಕಳಿಸುವುದು ಅಲ್ಲಿಂದಲೇ. ಆ ಬೆಳಿಗ್ಗೆ ಹೋದಾಗ ಬಸವಾಪಟ್ಟಣದ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತಾಯಿ ತೀರಿಕೊಂಡಿದ್ದರು. ಮರುದಿನ ಶಿವಗಣಾರಾಧನೆ, ಹಾರ ಹಾಕಿ ಇಡಲು ಒಂದು ಫೋಟೊ ಬೇಕಿತ್ತು.

“ಮೊಬೈಲ್‌ನಾಗೆ ಒಂದೂ ಇಲ್ವೇನಕ್ಕಾ?” ಎಂದ ಗೆಳೆಯ.

“ಮೊಬೈಲ್ ಎತ್ತಿದ್ರೆ ಮಕ ಮುಚ್ಕೊಳ್ಳಾಳು ಕಣಪ್ಪ. ಆಧಾರ್ ಕಾರ್ಡ್‌ನಾಗೆ ಐತೆ. ಅದನ್ನ ನೋಡಿದ್ರೆ ನಮ್ಮವ್ವ ಅಂತ ನಾನೇ ಒಪ್ಪಲ್ಲ.”

ಉಳಿದಿದ್ದು ಒಂದೇ ದಾರಿ. ಹಿಂದಿನ ವರ್ಷ ಆ ತಾಯಿಯೂ ಇದ್ದ ಹೆಣ್ಣುಮಕ್ಕಳ ಸಂಘದ ಫ್ಲೆಕ್ಸಿಗಾಗಿ ಸದಸ್ಯರನ್ನೆಲ್ಲ ಸಾಲಾಗಿ ಕೂರಿಸಿ ಗೆಳೆಯನೇ ಒಬ್ಬೊಬ್ಬರ ಫೋಟೊ ತೆಗೆದಿದ್ದ. ಆ ಫ್ಲೆಕ್ಸ್ ಈಗ ಯಾರದೋ ಕಟ್ಟಿಗೆ ಒಟ್ಟಿಲಿನ ಮೇಲೆ ಬಿಸಿಲಿಗೆ ಬಿಳಚಿಕೊಂಡಿತ್ತು. ಮೂಲ ಫೋಟೊ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಅವನು ಸಂಘದ ಫೋಲ್ಡರ್ ತೆರೆದ. ಪರದೆ ಹಾಗೇ ನಿಂತು, ಸ್ವಲ್ಪ ಹೊತ್ತಿಗೆ ನೀಲಿಯಾಯಿತು.

“ಬಂತು ನೋಡ್ರಿ ತ್ರೀಫೇಸ್!” ಎಂದು ಅವನು ಮೌಸ್ ಬಿಟ್ಟ.

ಇದು ಹಲವು ವಾರಗಳ ಕಾಯಿಲೆ. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕರೆಂಟ್ ಕೊಡುವ ಹೊತ್ತಿಗೆ ವೋಲ್ಟೇಜ್ ಏರುಪೇರಾಗುತ್ತದೆ, ಅದಕ್ಕೇ ಕಂಪ್ಯೂಟರ್ ಮಲಗುತ್ತದೆ ಎಂದು ಅವನೂ ಅಕ್ಕಪಕ್ಕದವರೂ ತೀರ್ಮಾನಿಸಿಬಿಟ್ಟಿದ್ದರು. ಯುಪಿಎಸ್ ಬ್ಯಾಟರಿ ಹೊಸದಾಗಿ ಬಂದಿತ್ತು. ಗುಣವಾಗಿರಲಿಲ್ಲ.

“ಇವತ್ತು ತ್ರೀಫೇಸ್ ಎಲ್ಲಿ ಬಂದೈತೆ? ಮೋಟ್ರು ಹಾಕಾಕೆ ಹೋದ ನಮ್ಮ ಮೈದುನ ವಾಪಸ್ ಬಂದ,” ಎಂದರು ಆ ಹೆಣ್ಣುಮಗಳು.

“ಅದು ನಿಮ್ಮ ಲೈನ್ ಅಕ್ಕ. ಇಲ್ಲೀದು ಬೇರೆ.”

ಎರಡು ಸಂಗತಿ ಒಟ್ಟಿಗೆ ನಡೆದವು ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದಾಯಿತು ಎಂದು ಸುದ್ದಿಯಲ್ಲಿ ಬರೆಯುವಂತಿಲ್ಲ. ನನಗೆ ಕುತೂಹಲ ಹತ್ತಿತು. ನಿಲ್ಲುವ ಮುಂಚೆ ಈ ಯಂತ್ರ ಏನು ಮಾಡುತ್ತಿರುತ್ತದೆ ಎಂದು ಕೇಳಿದೆ. ಅವನು ಯೋಚಿಸಿದ. ಹೊಸ ಡಿಸೈನ್ ಮಾಡುವಾಗ ತೊಂದರೆಯಿಲ್ಲ. ಬೆಳಿಗ್ಗೆ ಬರುವ ಗಿರಾಕಿಗಳು ಮಾತ್ರ ಹೋದ ವರ್ಷದ್ದನ್ನೇ ತೆಗೆದು ತಾರೀಖು ಬದಲಾಯಿಸಿ ಕೊಡು ಅನ್ನುತ್ತಾರೆ. ಹಳೆಯದನ್ನು ತೆರೆಯುವುದು ಆಗಲೇ. ತ್ರೀಫೇಸ್ ಬರುವುದೂ ಆ ಹೊತ್ತಿಗೇ.

ಮತ್ತೆ ಚಾಲೂ ಮಾಡಿದರೆ ಡಿಸ್ಕೇ ಇಲ್ಲ ಎಂಬ ಸಾಲು ಬಂತು. ಪೂರ್ತಿ ಆಫ್ ಮಾಡಿ, ಚಹಾ ಕುಡಿದು ಹಾಕಿದಾಗ ಡಿಸ್ಕ್ ಮರಳಿತ್ತು. ಹಾಗಾದರೆ ಕಾಯಿಲೆ ಡಿಸ್ಕಿನದೇ ಇರಬಹುದು. ಆದರೆ ಒಂದೇ ಮೂಲದ ಮಾತು ನಂಬುವ ಹಾಗಿರಲಿಲ್ಲ. ಪಕ್ಕದ ಮುಚ್ಚಳ ತೆಗೆದು ಆ ಡಿಸ್ಕನ್ನು, ಅಂದರೆ ಎಸ್‌ಎಸ್‌ಡಿಯನ್ನು, ಬಿಚ್ಚಿದೆವು. ಅಂಗೈಯಗಲದ ಹಗುರ ಪೆಟ್ಟಿಗೆ. ಹಳೆಯ ಹಾರ್ಡ್ ಡಿಸ್ಕ್‌ಗಳು ಕೆಡುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡುತ್ತಿದ್ದವು. ಇದರೊಳಗೆ ತಿರುಗುವಂಥದ್ದು ಏನೂ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಕೇಬಲ್ ಹಾಕಿ ಅದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು; ಗೋಡೆಯ ಕರೆಂಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹೊಸ ಫೋಲ್ಡರ್‌ಗಳು ತೆರೆದವು. ಹಳೆಯದೊಂದನ್ನು ಒತ್ತಿದ ಕೂಡಲೇ ಎಲ್ಲ ಸ್ತಬ್ಧ. ಡಿಸ್ಕಿನ ಆರೋಗ್ಯ ನೋಡುವ ತಂತ್ರಾಂಶವೂ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು.

“ಹಂಗಾದ್ರೆ ಕರೆಂಟ್‌ನೋರನ್ನ ಸುಮ್‌ಸುಮ್ನೆ ಬೈದೆ ಅನ್ನು,” ಎಂದರು ಅವರು.

“ಅವರು ಬೇರೆ ಕಾರಣಕ್ಕೆ ಬೈಸ್ಕೊಳ್ಳೋರೇ ಬಿಡಕ್ಕ,” ಎಂದವನೇ ಅವನು ನನ್ನ ಕಡೆ ತಿರುಗಿದ. “ಎಲ್ಲಾ ಸೆಲೆಕ್ಟ್ ಮಾಡಿ ಒಂದೇ ಸಲ ಎಳ್ಕೊಂಬಿಡಣ. ನನ್ನ ಜೀವನ ಐತಣ್ಣ ಅದರಾಗೆ.”

ಎಲ್ಲವನ್ನೂ ಒಟ್ಟಿಗೆ ಎಳೆದರೆ ಕೆಟ್ಟ ಜಾಗಕ್ಕೆ ಸಿಕ್ಕಿ ಡಿಸ್ಕ್ ಮತ್ತೆ ಮಾಯವಾಗಬಹುದು, ಈ ಸಲ ಮರಳದೆಯೂ ಇರಬಹುದು ಎಂದೆ. ಅವನು ಆ ಹೆಣ್ಣುಮಗಳು ಕೂತಿದ್ದ ಕುರ್ಚಿಯ ಕಡೆ ನೋಡಿದ.

“ಮೊದಲು ಅಕ್ಕಂದು ತೆಗೀರಿ,” ಎಂದ.

ಸಂಘದ ಫೋಲ್ಡರಿನಿಂದ ಒಂದೇ ಫೋಟೊ ಆರಿಸಿ ನಕಲು ಮಾಡಲು ಬಿಟ್ಟೆ. ಹಸಿರು ಪಟ್ಟಿ ಚೂರುಚೂರೇ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಯಾರೂ ಮೇಜು ಮುಟ್ಟಲಿಲ್ಲ. ಕೊನೆಗೆ ಒಂದು ತಪ್ಪಿನ ಸಂದೇಶ ತೋರಿಸಿ, ಬಂದಷ್ಟನ್ನು ಕೊಟ್ಟಿತು. ತೆರೆದೆ. ಹಣೆ, ವಿಭೂತಿ, ಮೂಗುಬೊಟ್ಟು, ಗದ್ದ. ಕುತ್ತಿಗೆಯಿಂದ ಕೆಳಗೆ ಬರೀ ಬೂದು ಬಣ್ಣ.

ಅವರು ಪರದೆಯ ಹತ್ತಿರ ಬಂದು ಬಗ್ಗಿದರು. “ಮಕ ಬಂತಲ್ಲ ತಮ್ಮ,” ಎಂದರು.

“ಕೆಳಗಿಂದು ನಾನು ಕೂರಿಸ್ತೀನಿ,” ಎಂದು ಅವನು ಜೆರಾಕ್ಸ್ ಮಾಡುವ ಹಳೇ ಕಂಪ್ಯೂಟರಿಗೆ ಆ ಫೋಟೊ ಹಾಕಿದ ಪೆನ್‌ಡ್ರೈವ್ ಚುಚ್ಚಿದ. ತಲೆಯಿಲ್ಲದ ಹೆಂಗಸರ ಚಿತ್ರಗಳ ಸಾಲೇ ಆ ಕಂಪ್ಯೂಟರಿನಲ್ಲಿತ್ತು, ಒಬ್ಬೊಬ್ಬರದು ಒಂದೊಂದು ಸೀರೆ. ಮುಖ ಮಾತ್ರ ಸಿಕ್ಕವರಿಗೆ ಅಂಟಿಸಲು ಫ್ಲೆಕ್ಸ್ ಅಂಗಡಿಗಳಲ್ಲಿ ಇಟ್ಟಿರುತ್ತಾರೆ.

“ಇದು ಮದುಮಗಳು ಉಡಾದು. ಇದು ಟೀಚರಮ್ಮಂದು. ಅಯ್ಯೋ, ಇಷ್ಟು ಜರಿ ನಮ್ಮವ್ವ ಹುಟ್ಟಿದಾಗಿಂದ ಉಟ್ಟಿಲ್ಲ.”

“ಈಗ ಉಡಿಸಣ ಬಿಡಕ್ಕ. ಬ್ಯಾಡ ಅನ್ನಾಕೆ ಬರ್ತಾರಾ?”

“ಬಂದೇ ಬಿಡ್ತಾಳೆ, ನಿನಗೆ ಗೊತ್ತಿಲ್ಲ,” ಎಂದು ಅವರು ನಕ್ಕರು. ಕಣ್ಣು ಒರೆಸಿಕೊಂಡು, “ಇನ್ನೂ ಕೆಳಗೆ ಹೋಗು. ಹತ್ತಿ ಸೀರೆ ಯಾವುದಾದ್ರೂ ಐತಾ ನೋಡು,” ಎಂದರು.