ಕಾಲುವೆ ಪಕ್ಕದ ತೇಗ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಸೀಳಿರುತ್ತಿತ್ತು. ಎಲ್ಲಿ ಮರ ಕಂಡರೂ ಒತ್ತಿ ನೋಡುವ ಚಟ. ಮಲ್ಲೇಶ್ವರದಲ್ಲಿ ಅವರ ಮನೆ ಹಿಂದಿನ ಬೀದಿಯಲ್ಲಿ ಒಂದು ಗೃಹಪ್ರವೇಶ. ಅರಿಶಿನ ಕುಂಕುಮ ತೆಗೆದುಕೊಳ್ಳುವ ಮೊದಲೇ ಹೊಸ ಬಾಗಿಲಿಗೆ ಉಗುರು ಊರಿ, "ಎಳೇ ಮರ. ಪಾಪ, ಇನ್ನೊಂದಷ್ಟು ವರ್ಷ ಬಿಡಬೇಕಿತ್ತು" ಎಂದುಬಿಟ್ಟರು. ಆ ಮನೆಯವರು ಮತ್ತೆ ಅವರನ್ನು ಯಾವುದಕ್ಕೂ ಕರೆಯಲಿಲ್ಲ.

ಮರದ ಗುಣ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರು ವಿಜ್ಞಾನಿ, ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ನೀರು, ಗೊಬ್ಬರ ಹಾಕಿ ಬೆಳೆಸಿದ ತೇಗ ಬೇಗ ದಪ್ಪವಾಗುತ್ತದೆ, ಆದರೆ ಹಗುರ ಎಂದು ಎಲ್ಲರ ದೂರು. ತಪ್ಪು ನೀರಿನದೋ, ಬಲಿಯುವ ಮೊದಲೇ ಕಡಿಯುವವರದೋ? ಮೇಡಂಗೆ ಬೇಕಿದ್ದದ್ದು ಇದೊಂದೇ ಉತ್ತರ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದೇ ತಾಯಿಮರದ ಸಸಿಗಳನ್ನು ಎರಡು ಕಡೆ ನೆಡಿಸಿದ್ದರು. ಒಂದು ತೋಪು ಕಾಲುವೆಯ ಪಕ್ಕ, ಇನ್ನೊಂದು ಮಳೆಯನ್ನೇ ನಂಬಿದ ಕಲ್ಲುಗುಡ್ಡದ ಮೇಲೆ. ಎರಡೂ ಬಲಿತ ಮೇಲೆ ಒಟ್ಟಿಗೆ ಕಡಿದು ತೂಗಿ ನೋಡಬೇಕು.

ಅದಕ್ಕೆ ಅರ್ಧ ಆಯುಷ್ಯವೇ ಬೇಕಿತ್ತು. ನಿವೃತ್ತರಾದ ಮೇಲೂ ಪ್ರತಿ ಬೇಸಿಗೆ ಬಸ್ಸು ಹತ್ತಿ ಹೋಗಿ, ಕಾಂಡಗಳ ಮೇಲೆ ಮಾಸಿದ ನಂಬರುಗಳಿಗೆ ತಾವೇ ಬಣ್ಣ ಬಳಿದು ಬರುತ್ತಿದ್ದರು. ರೈತರು ಫೋನ್ ಮಾಡಿ, "ಡ್ರಿಪ್ ಹಾಕಿ ತೇಗ ನೆಡಬಹುದಾ ಮೇಡಂ?" ಎಂದು ಕೇಳಿದರೆ, "ಸ್ವಲ್ಪ ತಾಳಿ, ಸರಿಯಾಗಿ ಹೇಳ್ತೀನಿ. ಅಂದಾಜಿನ ಮೇಲೆ ಹೇಳಲ್ಲ" ಎನ್ನುತ್ತಿದ್ದರು.

ಕೊನೆಗೂ ಮುಂದಿನ ಚಳಿಗಾಲಕ್ಕೆ ಕಡಿಯುವುದೆಂದು ನಿಶ್ಚಯವಾಯಿತು. ಆ ಮಳೆಗಾಲದಲ್ಲೇ ರಸ್ತೆ ಅಗಲ ಮಾಡುವವರು ಕಾಲುವೆ ಪಕ್ಕದ ತೋಪನ್ನು ಉರುಳಿಸಿದರು. ನಮಗೆ ಸುದ್ದಿ ಕೊಟ್ಟವನು ಅಲ್ಲಿನ ಟೀ ಅಂಗಡಿಯವನು. ಹೋಗುವಷ್ಟರಲ್ಲಿ ಜೆಸಿಬಿ ಬುಡಗಳನ್ನೂ ಕಿತ್ತುಹಾಕಿತ್ತು. ದಿಮ್ಮಿಗಳು ಸಾಮಿಲ್ ಸೇರಿದ್ದವು. ಅಲ್ಲಿಗೂ ಹೋದೆವು. ತೊಗಟೆ ಕೆತ್ತಿ, ಬೇರೆ ಊರಿನ ತೇಗದ ಜೊತೆ ಪೇರಿಸಿದ್ದರು. ಒಂದರ ಮೇಲೂ ನಂಬರಿಲ್ಲ.

"ಕಾಲುವೆ ಕಡೆಯಿಂದ ಬಂದಿದ್ದು ಯಾವ್ದಪ್ಪಾ?" ಮೇಡಂ ಸಾಮಿಲ್ಲಿನವನನ್ನು ಕೇಳಿದರು.

"ಯಾವ್ದಾದ್ರೇನು ಮೇಡಂ, ಎಲ್ಲಾ ತೇಗಾನೇ. ನಿಮಗೆ ಬಾಗಿಲಿಗ್ ಬೇಕಾ, ಕಿಟಕಿಗ್ ಬೇಕಾ?"

"ಕಾಂಡದ ಉಂಗುರ ನೋಡಿ ಗುರುತು ಹಿಡಿಯೋಣ ಮೇಡಂ, ನೀರು ಕುಡಿದ ಮರದ್ದು ಅಗಲ ಇರತ್ತಲ್ಲ" ಎಂದೆ ನಾನು.

"ಅಗಲ ಉಂಗುರ ಇರೋದನ್ನೆಲ್ಲ ನಮ್ದು ಅಂತ ಬರ್ಕೊಳೋದಾ? ಬೇಡ ಕಣೇ. ಸುಳ್ಳಾಗತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ, ಗುಡ್ಡದ ಮೇಲಿನ ತೋಪಾದರೂ ಇದೆಯಲ್ಲ ಎಂದೆ.

"ಇದೆ. ಯಾವುದರ ಎದುರು ತೂಗ್ಲಿ ಅದನ್ನ?"

ಅವರು ಮತ್ತೆ ಆ ಗುಡ್ಡಕ್ಕೆ ಹೋಗಲಿಲ್ಲ. ರೈತರ ಫೋನ್ ಬಂದರೆ "ನಂಗೊತ್ತಿಲ್ಲಪ್ಪಾ" ಎಂದು ಇಟ್ಟುಬಿಡುತ್ತಿದ್ದರು. ಆ ಫೋನುಗಳೂ ನಿಂತವು. ಒಂದು ಭಾನುವಾರ ಅವರ ಮನೆಗೆ ಹೋಗಿ, ಮತ್ತೆ ನೆಡಿಸೋಣ, ನಾನು ಓಡಾಡುತ್ತೇನೆ ಎಂದು ಹೇಳಿದೆ.

"ನಿನ್ನ ಸರ್ವೀಸ್ ಇನ್ನೆಷ್ಟು ವರ್ಷ ಇದೆ?"

ಹೇಳಿದೆ. ಬೆರಳಲ್ಲಿ ಎಣಿಸುವಷ್ಟೇ ಉಳಿದಿತ್ತು. ಅವರು ಲೋಟವನ್ನು ನನ್ನ ಕಡೆ ಸರಿಸಿ, "ಕಾಫಿ ಆರ್ತಿದೆ, ಕುಡಿ" ಎಂದರು.

ಹೋದ ಆಷಾಢದಲ್ಲಿ ಮೇಡಂ ತೀರಿಕೊಂಡರು. ಹರಿಶ್ಚಂದ್ರ ಘಾಟಿಗೆ ಬಂದವರು ಕೆಲವೇ ಜನ. ನಮ್ಮ ಹಳೆಯ ಮೇಲಧಿಕಾರಿಯೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅವರದೊಂದು ತೇಗದ ಟ್ರಯಲ್ ಇತ್ತಲ್ಲಮ್ಮಾ, ಏನು ಬಂತು ರಿಸಲ್ಟು?"

"ಏನೂ ಬರ್ಲಿಲ್ಲ ಸರ್."

"ಛೆ" ಎಂದು ಅವರು ಕಾರಿನತ್ತ ಹೊರಟರು.

ನನಗೆ ಗೊತ್ತಿರುವ ಕೆಲಸವೆಲ್ಲ ಮೇಡಂ ಕಲಿಸಿದ್ದು. ಈ ವರ್ಷ ಮುಗಿದರೆ ನಾನೂ ನಿವೃತ್ತಳು. ಅದನ್ನು ಕಲಿಸಿ ಹೋಗೋಣವೆಂದರೆ ನಮ್ಮ ವಿಭಾಗದಲ್ಲಿ ನನ್ನ ಬಿಟ್ಟು ಯಾರೂ ಉಳಿದಿಲ್ಲ.