ವನಜಾಕ್ಷಿಯ ಚಿಪ್ಪಿನ ಒಲೆ

ಬಿಳಿಗೆರೆಯ ವನಜಾಕ್ಷಿಗೆ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತೆ. ಹೇಳಲಿ ಬಿಡಿ. ಹದಿನೇಳು ವರ್ಷ ಕಂಡವರ ಕಾಯಿಪುಡಿ ಮಿಲ್ಲಿನಲ್ಲಿ ನೆಲದ ಮೇಲೆ ಕೂತು ಚಿಪ್ಪು ಬಿಡಿಸಿದವಳು. ಬಾಯಿ ಇಲ್ಲದೇ ಹೋಗಿದ್ದರೆ ಇವತ್ತಿಗೂ ಅಲ್ಲೇ ಕೂತಿರುತ್ತಿದ್ದಳು. ಮಾಯಸಂದ್ರದ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣು. ಗಂಡ ಹನುಮಂತರಾಜುಗೆ ಅರವತ್ತು ತೆಂಗಿನ ಮರ, ಎರಡು ಹಸು, ಜೊತೆಗೆ ಯಾರೊಂದಿಗೂ ಜಗಳವಾಡದ ಸ್ವಭಾವ. ಹಾಗಾಗಿ ಮನೆಯ ಪಾಲಿನ ಜಗಳವನ್ನೆಲ್ಲ ಇವಳೇ ಆಡಬೇಕಾಯ್ತು.

ಆರು ವರ್ಷದ ಹಿಂದೆ ತೋಟದ ಮೂಲೆಯಲ್ಲಿ ಶೀಟಿನ ಶೆಡ್ಡು ಹಾಕಿಸಿ ತನ್ನದೇ ಮಿಲ್ಲು ಶುರು ಮಾಡಿದಳು. ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ಬೆಳ್ಳಗಿನ ಕಾಯಿಯನ್ನು ಪುಡಿ ಮಾಡಿ ಒಣಗಿಸಿ ಬೇಕರಿಗಳಿಗೆ ಕಳಿಸೋ ಕೆಲಸ. ಬೆಳಗಿನ ಪಾಳಿಗೆ ಆರು ಹೆಂಗಸರು, ಮಧ್ಯಾಹ್ನದ ಪಾಳಿಗೆ ಆರು. ಮಧ್ಯಾಹ್ನದವರಲ್ಲಿ ಮಂಜಮ್ಮ ಒಬ್ಬಳು. ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾನೆ. ಬೆಳಗ್ಗೆಯೆಲ್ಲ ಅವನ ಆರೈಕೆ ಮುಗಿಸಿ ಬರೋಳು ಅವಳು. ಮಧ್ಯಾಹ್ನದ ಪಾಳಿ ನಿಂತರೆ ಆ ಮನೆಯ ಒಲೆಯೂ ನಿಲ್ಲುತ್ತೆ.

ಮಿಲ್ಲಿನಲ್ಲಿ ಪುಡಿ ಒಣಗೋದು ಬಿಸಿಗಾಳಿಯಲ್ಲಿ. ಆ ಗಾಳಿ ಕಾಯೋದು ಒಂದು ಇಟ್ಟಿಗೆ ಒಲೆಯ ಮೇಲೆ. ಒಲೆಗೆ ಹಾಕೋದು ಚಿಪ್ಪು. ಬೆಳಗ್ಗೆ ಬಿಡಿಸಿದ ಚಿಪ್ಪು ಮಧ್ಯಾಹ್ನಕ್ಕೆ ಒಲೆಗೆ, ಒಲೆಯ ಬೂದಿ ಮರದ ಬುಡಕ್ಕೆ. ಪುಡಿ ಮಾಡೋ ಯಂತ್ರಕ್ಕೂ ಫ್ಯಾನಿಗೂ ಮಾತ್ರ ಕರೆಂಟು.

ಹೀಗಿರುವಾಗ ಒಂದು ತಿಂಗಳು ಕರೆಂಟ್ ಬಿಲ್ಲಿನಲ್ಲಿ ಹೊಸದೊಂದು ಸಾಲು ಬಂತು. ಹಸಿರು ಇಂಧನ ಶುಲ್ಕ. ಅದರ ಮುಂದಿದ್ದ ಅಂಕಿ ನೋಡಿ ಹನುಮಂತರಾಜು ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಒಂದು ಪಾಳಿಯವರ ತಿಂಗಳ ಕೂಲಿಯನ್ನೇ ನುಂಗೋ ಅಂಕಿ ಅದು. ವನಜಾಕ್ಷಿ ಮೊದಲ ಬಸ್ಸಿಗೇ ತಿಪಟೂರಿನ ಕರೆಂಟ್ ಆಫೀಸಿಗೆ ಹೋದಳು.

ಅಲ್ಲಿದ್ದ ಗುಮಾಸ್ತ ಸಮಾಧಾನವಾಗಿಯೇ ಬಿಡಿಸಿ ಹೇಳಿದ. ಕರೆಂಟು ಮಾರೋರು ಇನ್ನು ಮೇಲೆ ಒಂದು ಪಾಲನ್ನು ಬಿಸಿಲು, ಗಾಳಿಯಿಂದ ಮಾಡಿದ್ದನ್ನೇ ಕೊಳ್ಳಬೇಕು. ಹೊಗೆ ಕಮ್ಮಿಯಾಗಲಿ ಅಂತ. ಅದರ ಖರ್ಚನ್ನು ಉದ್ಯಮದವರೆಲ್ಲ ಹಂಚಿಕೊಂಡು ಹೊರಬೇಕು.

"ಒಳ್ಳೇದೇ ಬುಡಿ. ಹೆದ್ದಾರಿ ಪಕ್ಕದ ಕಬ್ಬಿಣ ಕರಗಿಸೋ ಫ್ಯಾಕ್ಟರಿಯೋರೂ ಕಟ್ತಾರಾ?"

"ಅವರಿಗೆ ವಿನಾಯಿತಿ ಐತೆ ಕಣಮ್ಮಾ."

"ಯಾಕೆ?"

"ಅವರು ಕರೆಂಟು ಬೋ ಜಾಸ್ತಿ ಸುಡ್ತಾರೆ. ಶುಲ್ಕ ಹಾಕಿದ್ರೆ ಹೊರಗಿನೋರ ಜೊತೆ ಪೈಪೋಟಿ ಮಾಡೋಕಾಗಲ್ವಂತೆ."

ವನಜಾಕ್ಷಿಗೆ ಮೈಯೆಲ್ಲ ಉರಿದುಹೋಯ್ತು. ಉರಿಯದೆ ಇನ್ನೇನು? ಆ ಫ್ಯಾಕ್ಟರಿಯ ಕುಲುಮೆ ಹೊತ್ತಿಕೊಂಡರೆ ಸುತ್ತಲ ನಾಲ್ಕು ಹಳ್ಳಿಯ ದೀಪ ಮಂಕಾಗುತ್ತೆ. ಅವರ ಹೊಗೆ ಬಂದು ಕೂತು ಹಟ್ಟಿಯ ಮುಂದೆ ಒಣಹಾಕಿದ ಬಟ್ಟೆ ಕಪ್ಪಾಗುತ್ತೆ. ಹೊಗೆ ಕಮ್ಮಿ ಮಾಡೋ ಶುಲ್ಕ ಅವರಿಗಿಲ್ಲ, ಇವಳಿಗಂತೆ!

"ನನಗೆ ಪೈಪೋಟಿ ಇಲ್ವೇನ್ರೀ? ಶ್ರೀಲಂಕಾದ ಪುಡಿ, ಇಂಡೋನೇಷ್ಯಾದ ಪುಡಿ ಬಂದು ಬೇಕರಿಯೋರ ಬಾಗಿಲಲ್ಲಿ ಕೂತೈತೆ. ಅವು ನನ್ನ ನೆಂಟರೇನು?"

"ಹಂಗಾದ್ರೆ ನೀವೂ ಅರ್ಜಿ ಹಾಕಿ ತಾಯಿ," ಅಂದು ಗುಮಾಸ್ತ ಒಂಬತ್ತು ಪುಟದ ಅರ್ಜಿ ಕೊಟ್ಟು ಕೈತೊಳೆದುಕೊಂಡ.

ಮೂರು ಸಂಜೆ ಕೂತು ಗಂಡ ಹೆಂಡತಿ ಅರ್ಜಿ ತುಂಬಿದರು. ಐದನೇ ಪುಟದಲ್ಲಿ ಒಂದು ಪ್ರಶ್ನೆ: ವಿದ್ಯುತ್ ಬಿಟ್ಟು ಬೇರೆ ಯಾವ ಇಂಧನ ಬಳಸುತ್ತೀರಿ? ಹನುಮಂತರಾಜು ಹೆಂಡತಿಯ ಮುಖ ನೋಡಿದ. "ಡೀಸೆಲ್ ಇಲ್ಲ, ಗ್ಯಾಸಿಲ್ಲ, ಕಲ್ಲಿದ್ದಲಂತೂ ಕಣ್ಣಲ್ಲಿ ಕಂಡಿಲ್ಲ. ಯಾವುದೂ ಇಲ್ಲ ಅಂತ ಬರಿ," ಅಂದಳು ವನಜಾಕ್ಷಿ. ಅವನು ಹಾಗೇ ಬರೆದ.

ಅದು ಸುಳ್ಳಲ್ಲ, ದೇವರಾಣೆ. ಈ ಸೀಮೆಯಲ್ಲಿ ಹಂಡೆ ಒಲೆಗೆ ದುಡ್ಡು ಕೊಟ್ಟು ಸೌದೆ ತಂದವರನ್ನು ತೋರಿಸಿ ನೋಡೋಣ. ಗರಿ, ಮಟ್ಟೆ, ಚಿಪ್ಪು ತಾನಾಗಿ ಬೀಳುತ್ತೆ, ಎತ್ತಿ ಒಲೆಗೆ ತುರುಕುತ್ತಾರೆ. ಇಂಧನ ಅಂದರೆ ಬಂಕಿನಲ್ಲಿ ಹಾಕಿಸಿಕೊಳ್ಳೋದು. ಚಿಪ್ಪನ್ನು ಯಾರಾದರೂ ಇಂಧನ ಅಂತಾರಾ? ಚಿಪ್ಪು ಚಿಪ್ಪು ಅಷ್ಟೇ.

ಇಪ್ಪತ್ತು ದಿನಕ್ಕೆ ವಿನಾಯಿತಿ ಸಮಿತಿಯ ಪರಿಶೀಲನಾಧಿಕಾರಿ ತೋಂಟದಾರ್ಯ ಬಂದರು. ಕೆಟ್ಟ ಮನುಷ್ಯನಲ್ಲ. ಎಳನೀರು ಕುಡಿದರು, ಯಂತ್ರ ನೋಡಿದರು, ಮೀಟರು ಬರೆದುಕೊಂಡರು. ಒಲೆಯ ಮುಂದೆ ಬಂದು ನಿಂತುಬಿಟ್ಟರು.

"ಇದೇನಮ್ಮ ಉರೀತಿರೋದು?"

"ಚಿಪ್ಪು."

"ಬೇರೆ ಇಂಧನ ಇಲ್ಲ ಅಂತ ಬರೆದಿದ್ದೀರಲ್ಲ?"

"ಇಲ್ವಲ್ಲ ಸ್ವಾಮಿ. ಚಿಪ್ಪು ಇಂಧನವೇನ್ರೀ?"

ಇಂಧನವೇ, ಅಂದರು. ಅದೂ ಹಸಿರು ಇಂಧನ, ಮೊದಲ ದರ್ಜೆಯದು. ವನಜಾಕ್ಷಿಯ ಮುಖ ಅರಳಿತು. ಹಾಗಾದರೆ ತಾನು ಆಗಲೇ ಹಸಿರು, ಶುಲ್ಕ ಯಾಕೆ ಕಟ್ಟಬೇಕು ಅಂತ ಕೇಳಿದಳು. ತೋಂಟದಾರ್ಯರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ಇದಕ್ಕೆ ಮೀಟರಿಲ್ಲ ತಾಯಿ. ಲೆಕ್ಕಕ್ಕೆ ಬರಲ್ಲ. ಆದ್ರೆ ಇದ್ರಿಂದ ನಿಮ್ಮ ಕರೆಂಟು ಬಳಕೆ ತೀರಾ ಕಮ್ಮಿ ಆಗೋಗಿದೆ. ಇಷ್ಟು ಕಮ್ಮಿ ಬಳಸೋರಿಗೆ ವಿನಾಯಿತಿ ಇಲ್ಲ."

"ಅಂದ್ರೆ, ಉಳಿಸಿದ್ದೇ ತಪ್ಪಾಯ್ತಾ?"

ಅವರು ಮೆಲ್ಲಗೆ, ಅವಳ ಒಳ್ಳೇದಕ್ಕೇ ಅಂತ, ಹೇಳಿದರು: "ಈ ಒಲೆ ತೆಗೆದು ಕರೆಂಟಿನ ಹೀಟರ್ ಹಾಕ್ಸಿ. ಬಳಕೆ ಐದಾರು ಪಟ್ಟು ಏರುತ್ತೆ. ಆಗ ಅರ್ಜಿ ಹಾಕಿದ್ರೆ ಖಂಡಿತ ಆಗುತ್ತೆ."

ಅವತ್ತು ವನಜಾಕ್ಷಿ ಬೈದ ಬೈಗುಳ ಮೂರು ತೋಟದಾಚೆಗೂ ಕೇಳಿಸಿತಂತೆ. ಅಧಿಕಾರಿಯನ್ನಲ್ಲ ಅವಳು ಬೈದದ್ದು, ಆ ನಿಯಮ ಬರೆದವನನ್ನು. ಅವನು ಯಾರೋ, ಎಲ್ಲಿ ಕೂತಿದ್ದಾನೋ, ತಣ್ಣಗಿನ ರೂಮಿನಲ್ಲಿ! ಅವನ ಕೈಗೆ ಒಂದು ಕಾಯಿ ಕೊಟ್ಟು ಚಿಪ್ಪು ಬಿಡಿಸು ಅನ್ನಬೇಕು, ಅಂದಳು. ಅರ್ಜಿ ತಿರಸ್ಕಾರವಾಗಿ ಬಂತು. ಮೇಲಧಿಕಾರಿಗೆ ಬರೆದಳು, ಮತ್ತೆ ತಿರಸ್ಕಾರ. ಇಂಧನ ಮುಚ್ಚಿಟ್ಟಿದ್ದಕ್ಕೆ ಒಂದು ಎಚ್ಚರಿಕೆ ಬೇರೆ! ಕಳ್ಳಿ ಅನ್ನಿಸಿಕೊಂಡದ್ದು ಅವಳಿಗೆ ಎಲ್ಲಕ್ಕಿಂತ ನೋವಾಯ್ತು.

ಎರಡು ತಿಂಗಳು ಶುಲ್ಕ ಕಟ್ಟಿದಳು. ಮೂರನೇ ತಿಂಗಳ ಬಿಲ್ಲು ಬಂದ ದಿನ ಮಂಜಮ್ಮ ಕೈ ತೊಳೆದುಕೊಂಡು ಬಂದು ನಿಂತಳು. "ಅಕ್ಕಾ, ಮಧ್ಯಾಹ್ನದ ಪಾಳಿ ನಿಲ್ಲಿಸ್ತೀಯಂತೆ, ನಿಜವಾ? ಮುಂಚೇನೇ ಹೇಳ್ಬುಡು, ಬೇರೆ ಕಡೆ ಕೇಳ್ಬೇಕು." ಬೇರೆ ಕಡೆ ಎಲ್ಲಿದೆ? ಅದು ಇಬ್ಬರಿಗೂ ಗೊತ್ತಿತ್ತು.

ಅದೇ ವಾರ ತಿಲಕ್ ಅನ್ನೋ ಏಜೆಂಟು ಬಂದ. ಕಬ್ಬಿಣದ ಫ್ಯಾಕ್ಟರಿಗೆ ಚಿಪ್ಪು ಬೇಕಂತೆ. ಕಲ್ಲಿದ್ದಲಿನ ಜೊತೆ ಒಂದಿಷ್ಟು ಬೆರೆಸಿ ಸುಟ್ಟರೆ ಕಂಪನಿಗೆ ಹಸಿರು ಪ್ರಮಾಣಪತ್ರ ಸಿಗುತ್ತಂತೆ. ಒಳ್ಳೇ ರೇಟು ಹೇಳಿದ.

"ನಾನು ಸುಟ್ಟರೆ ಬರೀ ಚಿಪ್ಪು, ಅವರು ಸುಟ್ಟರೆ ಹಸಿರಾ?"

"ಅವರತ್ರ ತೂಕದ ಮೆಷೀನೈತೆ ಅಕ್ಕಾ," ಅಂದ ತಿಲಕ್.

ಅವನನ್ನು ಅಟ್ಟಿದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹನುಮಂತರಾಜು ಒಂದು ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದ: ಚಿಪ್ಪು ಮಾರಿದರೆ ಹೀಟರಿನ ಕರೆಂಟಿಗೆ ಸರಿಹೋಗುತ್ತೆ, ವಿನಾಯಿತಿ ಸಿಕ್ಕರೆ ಪಾಳಿ ಉಳಿಯುತ್ತೆ. ಚೀಟಿ ನೋಡಿ ಅವಳು ಅತ್ತಳು. ಹದಿನೇಳು ವರ್ಷ ನೆಲದ ಮೇಲೆ ಕೂತಾಗಲೂ ಅಳದವಳು. ಮೂರನೇ ದಿನ ತಿಲಕನಿಗೆ ತಾನೇ ಫೋನು ಮಾಡಿದಳು.

ಈಗ ಶೆಡ್ಡಿನಲ್ಲಿ ಹೀಟರು ಗುಂಯ್ ಅನ್ನುತ್ತೆ. ಹಸಿರೆಲೆಯ ಚಿತ್ರ ಬರೆದ ಫ್ಯಾಕ್ಟರಿಯ ಲಾರಿ ವಾರಕ್ಕೊಮ್ಮೆ ಬಂದು ಚಿಪ್ಪು ತುಂಬಿಕೊಂಡು ಹೋಗುತ್ತೆ. ಬೂದಿಯಿಲ್ಲದ ಮರದ ಬುಡಕ್ಕೆ ಗೊಬ್ಬರ ಕೊಂಡು ತರುತ್ತಾರೆ.

ಮೊನ್ನೆ ಹೊಸ ಅರ್ಜಿಗೆ ವಿನಾಯಿತಿಯ ಪತ್ರ ಬಂತು. ಮೊದಲ ಸಾಲಿನಲ್ಲೇ ಅಭಿನಂದನೆ. ವನಜಾಕ್ಷಿ ಎರಡು ಸಲ ಓದಿದಳು. ಹಳೇ ಅಭ್ಯಾಸ, ಸಿಟ್ಟು ಬಂದರೆ ಕೈಗೆ ಸಿಕ್ಕ ಕಾಗದವನ್ನು ಒಲೆಗೆ ಎಸೆಯೋದು. ಎದ್ದು ಹೋಗಿ ಹಳೇ ಒಲೆಯ ಓರೆಯಾಗಿದ್ದ ಬಾಗಿಲನ್ನು ಪೂರ್ತಿ ತೆಗೆದಳು. ಒಳಗೆ ಕೋಳಿ ಕಾವು ಕೂತಿತ್ತು.

"ಏನಕ್ಕಾ ಅದು ಕಾಗದ?" ಮಂಜಮ್ಮ ಕೇಳಿದಳು.

"ಬಹುಮಾನ ಕಣೇ, ಒಲೆ ಆರಿಸಿದ್ದಕ್ಕೆ," ಅಂದು ವನಜಾಕ್ಷಿ ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಡಿ, ಪಾಳಿಗೆ ಹೊತ್ತಾಯ್ತು."