ದೇವರ ಹಿಡಿ

ದೊಡ್ಡವ್ವನ ಬಲಗೈಯಲ್ಲಿ ಮೊಣಕೈತನಕ ಒಂದು ಕೂದಲೂ ಇರಲಿಲ್ಲ. ಹುಮನಾಬಾದಿನ ಬಸ್ ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಹೆಂಚಿನ ಝಳಕ್ಕೆ ಎಲ್ಲ ಸುಟ್ಟುಹೋಗಿ ಆ ಕೈ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ನನ್ನ ತಾಯಿಯ ಅಕ್ಕ ಆಕೆ. ತಾಯಿ ಬೇಗ ತೀರಿಕೊಂಡಿದ್ದರಿಂದ ನಾನು ಬೆಳೆದದ್ದೇ ಆ ಒಲೆಯ ಮುಂದೆ. ಯಾರೇ ಅಳುತ್ತ ಬರಲಿ, "ಮೊದಲ ಉಣ್ಣು, ಆಮ್ಯಾಲ ಅಳು" ಅನ್ನುತ್ತಿದ್ದಳು. ಬಾಯಿ ಜೋರು. ಸಾರಿಗೆ ಉಪ್ಪು ಕಡಿಮೆ ಅಂದವರ ಎದುರಿಗೆ ಉಪ್ಪಿನ ಡಬ್ಬಿಯನ್ನೇ ಕುಕ್ಕುತ್ತಿದ್ದಳು.

ನಮ್ಮ ಕ್ರೈಸ್ತ ಸಭೆಯ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇವೆ. ಅದು ದೇವರ ಹಿಡಿ. ಭಾನುವಾರ ಆ ಡಬ್ಬಿ ಚರ್ಚಿಗೆ ಹೋಗುತ್ತದೆ, ಅಲ್ಲಿಂದ ಪಾಸ್ಟರ ಮನೆಗೆ.

ಒಂದು ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡ ರಸ್ತೆಯ ಗುಡಿಸಲಲ್ಲಿ, ಕಬ್ಬು ಕಡಿಯಲು ಬಂದ ಹೆಣ್ಣುಮಗಳೊಬ್ಬಳು ಹಡೆದಳು. ಬೇಯಿಸಿ ಹಾಕುವವರು ಯಾರೂ ಇಲ್ಲ. ಆ ವಾರ ದೊಡ್ಡವ್ವ ದೇವರ ಹಿಡಿಯನ್ನೆಲ್ಲ ರೊಟ್ಟಿ ಬಡಿದು ಬಾಣಂತಿಗೆ ಒಯ್ದಳು. ಖಾನಾವಳಿಯಲ್ಲಿ ಬೇರೆ ಹಿಟ್ಟು ಇರಲಿಲ್ಲವೆಂದಲ್ಲ. ದೇವರ ಪಾಲು ಸಲ್ಲಬೇಕಾದದ್ದೇ ಅಲ್ಲಿಗೆ ಅಂತ ಆಕೆಗೆ ಅನ್ನಿಸಿತ್ತು. ಭಾನುವಾರ ಖಾಲಿ ಡಬ್ಬಿ ತಂದು ಕಾಣಿಕೆಯ ಮೇಜಿನ ಮೇಲಿಟ್ಟಳು.

"ದೇವರ ಪಾಲು ಎಲ್ಲದ?" ಪಾಸ್ಟರು ಕೇಳಿದರು.

"ದೇವರಿಗೇ ಮುಟ್ಟೇದರಿ ಅಯ್ಯನವರ. ಬಾಣಂತಿ ಉಂಡಾಳ."

"ರೊಟ್ಟಿ ಬಡಿಯೋದು ಮನಿಗೆಲಸ. ಸೇವಾ ಅಂದ್ರ ಸಾಕ್ಷಿ ಹೇಳಬೇಕು. ಆಕಿಗಿ ಯೇಸುಸ್ವಾಮಿ ಹೆಸರರೆ ಹೇಳಿದೇನು?"

"ಹಸದಾಕಿಗಿ ರೊಟ್ಟಿ ಕೊಟ್ಟೆ. ಹೆಸರ ಹೇಳಾಕ ನೀವು ಅದೀರಲ್ಲ, ಹೋಗಿ ಹೇಳ್ರಿ."

ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಆಕೆಗೆ ಕರ್ತನ ಭೋಜನವಿಲ್ಲ, ಯೇಸುವಿನ ನೆನಪಿಗೆ ತಿಂಗಳಿಗೊಮ್ಮೆ ಮುರಿದು ಹಂಚುವ ತುಂಡಿಲ್ಲ, ಅಂತ ಹಿರಿಯರು ತೀರ್ಮಾನಿಸಿದರು. ಆಕೆ ಒಪ್ಪಿಕೊಳ್ಳಲಿಲ್ಲ.

ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಯಾಕೆಂದರೆ ಕರ್ತನ ಭೋಜನಕ್ಕೆ ಮುರಿಯುವ ಚಪಾತಿ ಮೊದಲಿನಿಂದಲೂ ದೊಡ್ಡವ್ವನ ಕೈಯದೇ. ಶಿಕ್ಷೆ ಹಾಕಿದ ಮೇಲೂ ನಾಚಿಕೆಯಿಲ್ಲದೆ ಚಪಾತಿ ಕೇಳಿ ಕಳಿಸಿದರು! ಚಪಾತಿ ಬೇಕು, ಮಾಡಿದವಳು ಬೇಡ. ತಿಂಗಳ ಮೊದಲ ಭಾನುವಾರ ಆಕೆ ಮಾಡಿ ಕೊಟ್ಟು, ಕಡೆಯ ಬೆಂಚಿನಲ್ಲಿ ಕೂತು, ಎಲ್ಲರೂ ತಿನ್ನುವುದನ್ನು ನೋಡುತ್ತಿದ್ದಳು.

"ಆ ಮಂದಿಗಿ ಯಾಕ ಮಾಡಿ ಕೊಡ್ತಿ?" ಅಂತ ಹರಿಹಾಯ್ದೆ.

"ನನ್ನ ಸಿಟ್ಟು ಪಾಸ್ಟರ ಮ್ಯಾಲ ಅದ. ಅದಕ್ಕ ಉಳಿದ ಮಂದೀನ ಯಾಕ ಉಪಾಸ ಕೆಡವಲಿ?" ಅಂದಳು. ಲಟ್ಟಣಿಗೆಯನ್ನು ಮಣೆಗೆ ಕುಟ್ಟಿದ ರಭಸ ನೋಡಿದರೆ ಆ ಸಿಟ್ಟು ಸಣ್ಣದಾಗಿರಲಿಲ್ಲ.

ಹೋದ ವರ್ಷ ಬಸವಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ತುಂಡು ಕೊನೆಗೂ ಆಕೆಯ ಬಾಯಿಗೆ ಬೀಳಲಿಲ್ಲ. ಮಣ್ಣು ಕೊಡುವಾಗ ಪಾಸ್ಟರು, "ಸಹೋದರಿ ಸಾಧಾರಣ ಹೆಣ್ಣುಮಗಳು, ಸಭೆಯಲ್ಲಿ ವಿಶೇಷ ಸೇವೆಯೇನೂ ಇರಲಿಲ್ಲ" ಅಂದರು.

ಮುಂದಿನ ತಿಂಗಳು ಸಭೆಯ ಹಿರಿಯರೊಬ್ಬರು ಭೋಜನದ ಚಪಾತಿಗೆಂದು ಗೋಧಿ ಹಿಟ್ಟು ಹಿಡಿದು ಮನೆಗೆ ಬಂದರು. "ನಿನ್ನ ಕೈನೂ ಆಕಿ ಕೈ ಹಂಗೇ ಅದವ್ವಾ." ಆ ಹಿಟ್ಟನ್ನು ಅವರ ಮುಖಕ್ಕೆ ಎರಚಬೇಕೆನ್ನಿಸಿತು. ದೊಡ್ಡವ್ವನ ಋಣ, ಎರಚಲಿಲ್ಲ. ನಾದಿದೆ. ಭಾನುವಾರ ಪಾಸ್ಟರು ಚಪಾತಿ ಎತ್ತಿದಾಗ ಹೆಂಗಸರ ಸಾಲಿನಿಂದ ಎದ್ದು ನಿಂತೆ.

"ಮುರಿಯೂ ಮುಂಚೆ ಕೇಳ್ರಿ ಅಯ್ಯನವರ. ಎಲ್ಲರಿಗೂ ಮಾಡಿ ಹಾಕಿದಾಕಿನ್ನ ನೀವು ಉಪಾಸ ಕಳಿಸೀರಿ. ಇನ್ನ ಮ್ಯಾಲ ಈ ಭೋಜನದಿಂದ ಯಾರನ್ನರೆ ದೂರ ಇಟ್ರ, ನನ್ನ ಚಪಾತಿ ನಿಮಗಿಲ್ಲ."

ಅವರ ಕೈ ಮೇಲೆಯೇ ನಿಂತಿತು. ಹಿಂದಿನಿಂದ ಮುದುಕಿಯೊಬ್ಬಳು, "ಖರೆ ಹೇಳ್ತಾಳ" ಅಂದಳು. ಪಾಸ್ಟರು ತಗ್ಗಿದ ದನಿಯಲ್ಲಿ "ಆಗಲಿ" ಅಂದು ಮುರಿದರು. ನಾನೂ ಹೋಗಿ ಕೈ ಚಾಚಿದೆ, ತುಂಡು ಬಿತ್ತು. ಆಕೆಗೆ ಸಲ್ಲಬೇಕಾದದ್ದನ್ನು ನಾನು ತಿಂದೆನೆಂಬ ಸಿಟ್ಟು ಇವತ್ತಿಗೂ ಇಳಿದಿಲ್ಲ.